ಇಬ್ಬರ ಕಲ್ಲು

ಮುತ್ತಿಗೆರೆಯ ಊರಾಚೆ, ಹಳೆಯ ಕಣದ ಬದಿಗೆ ಎದೆಮಟ್ಟದ ಕಲ್ಲೊಂದು ನಿಂತಿದೆ. ಅದರ ಮೇಲಿನ ಕೆತ್ತನೆಯಲ್ಲಿ ಅಕ್ಕಪಕ್ಕ ಮಲಗಿದ ಇಬ್ಬರು ಗಂಡಸರು, ನಡುವೆ ಮಡಿಲಲ್ಲಿ ಕುಡುಗೋಲಿಟ್ಟುಕೊಂಡು ಬಾಯಿ ತೆರೆದು ಕೂತ ಹೆಂಗಸು. ಹೊರಗಿನವರು ಇದನ್ನು ಅಣ್ಣತಮ್ಮಂದಿರ ಕಲ್ಲೆಂದು ತಾವೇ ತೀರ್ಮಾನಿಸಿ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಕೇಳಿ ತಿಳಿಯುವ ವ್ಯವಧಾನ ಯಾರಿಗಿದೆ?

ಹಿಂದೆ ಒಮ್ಮೆ, ದನಕ್ಕಾಗಿ ಊರ ಮೇಲೆ ಊರು ಬೀಳುತ್ತಿದ್ದ ಕಾಲದಲ್ಲಿ, ಇಲ್ಲಿ ಹುಲಿಗೆವ್ವ ಎಂಬ ಹಾಡುಗಾರ್ತಿಯಿದ್ದಳು ಎನ್ನುತ್ತಾರೆ. ಯಾರೇ ಸತ್ತರೂ ಆಕೆ ತಲೆದೆಸೆಯಲ್ಲಿ ಕೂತು, ಸತ್ತವರ ತಾಯಿಯ ಹೆಸರು ಹಿಡಿದು ಪದ ಎತ್ತಬೇಕು. ಪದವಾಗದೆ ಹೆಣ ಎತ್ತುವಂತಿಲ್ಲ. ಎಂಥ ಗಟ್ಟಿಗರೂ ಆ ಪದಕ್ಕೆ ಅತ್ತು ಹಗುರಾಗುತ್ತಿದ್ದರು. ಒಂದು ಬೆಳಿಗ್ಗೆ ದನಗಳ್ಳರು ನುಗ್ಗಿದರು. ಕಣದಲ್ಲೇ ಕಡಿದಾಟವಾಗಿ, ಕೈಕಾಲು ತುಂಡಾಗಿ ಬಿದ್ದವು, ಜೋಳದ ರಾಶಿ ರಕ್ತದಲ್ಲಿ ನೆನೆಯಿತು. ಹುಲಿಗೆವ್ವನ ಒಬ್ಬನೇ ಮಗ ಭರಮನ ಹೊಟ್ಟೆಗೆ ಹೊಕ್ಕ ಭರ್ಜಿ ಬೆನ್ನಲ್ಲಿ ಹೊರಟಿತು. ನಡುಹಗಲಿಗೆ ಆಕೆ ಸತ್ತ ಉಳಿದವರಿಗೆಲ್ಲ ಹಾಡಿ ಮುಗಿಸಿ ಮಗನ ತಲೆದೆಸೆಗೆ ಬಂದು ಕೂತಳು. ಎಷ್ಟೋ ತಾಯಂದಿರ ಹೆಸರು ಹಾಡಿದ ಬಾಯಿಗೆ ತನ್ನ ಹೆಸರು ಬರಲಿಲ್ಲ. ಕಣ್ಣಲ್ಲಿ ಹನಿಯೂ ಇಲ್ಲ. ಹೊತ್ತು ಇಳಿಯಿತು, ನೊಣ ಮುತ್ತಿದವು, ಹದ್ದುಗಳು ಸುತ್ತತೊಡಗಿದವು; ಹೆಣ ಮುಟ್ಟಲು ಯಾರಿಗೂ ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ಭರ್ಜಿ ತಿವಿದವನೇ ಬಣವೆಯೊಳಗೆ ಅಡಗಿದ್ದು ಸಿಕ್ಕಿಬಿದ್ದ. ಹುಲಿಗೆವ್ವ ಕುಡುಗೋಲು ಕಿತ್ತುಕೊಂಡು ಒಂದೇ ಏಟಿಗೆ ಅವನ ಪಕ್ಕೆ ಸೀಳಿದಳು. ಮತ್ತೆ ಕೈ ಎತ್ತಿದಾಗ, ಕೆಳಗೆ ಬಿದ್ದವನು ಹೇಳಿದ: “ಹೊಡಿ ಬೇ, ಬ್ಯಾಡ ಅನ್ನಂಗಿಲ್ಲ. ಬಣವಿಯೊಳಗ ಕುಂತು ನಿನ್ನ ಪದ ಎಲ್ಲಾ ಕೇಳೀನಿ. ನನಗೂ ಒಂದು ಹಾಡು. ನಮ್ಮವ್ವ ಇಲ್ಲಿಗೆ ಬರಂಗಿಲ್ಲ.”

ಕಸುಬಿನ ನಾಲಿಗೆ, ಸುಮ್ಮನಿರಲಿಲ್ಲ. “ನಿನ್ನ ಹಡದಾಕಿ ಹೆಸರೇನು?”

“ಮಾಳವ್ವ.”

ಕುಡುಗೋಲನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತಳು.

“ಮಾಳವ್ವ, ನಿನ ಕೂಸು ಮಂದಿ ಊರಾಗ ಮಲಗೈತಿ,
ಕೊಂದಾಕಿ ನಾನವ್ವ, ತೂಗಾಕಿ ನಾನವ್ವ.”

ಪದ ಮುಗಿಯುವ ಮೊದಲೇ ಅವನ ಉಸಿರು ನಿಂತಿತು. ಹಾಡು ನಿಲ್ಲಲಿಲ್ಲ. ಅದೇ ಧಾಟಿಯಲ್ಲಿ “ಹುಲಿಗೆವ್ವ, ನಿನ ಕೂಸು” ಎಂದು ಎತ್ತಿದವಳೇ ಮಗನ ಮೇಲೆ ಬಿದ್ದು ಗೋಳೋ ಎಂದು ಅತ್ತಳು. ಊರವರು ಕಳ್ಳನ ಹೆಣವನ್ನು ನಾಯಿಗಳಿಗೆ ಎಸೆಯಹೋದರೆ, “ಪದ ಆದ ಹೆಣ ಮಣ್ಣಿಗೇ ಹೋಗಬೇಕು” ಎಂದು ಅಡ್ಡ ನಿಂತಳಂತೆ. ಇಬ್ಬರನ್ನೂ ಪಕ್ಕಪಕ್ಕ ಹೂತು ಈ ಕಲ್ಲು ನೆಟ್ಟರು.

ಇಂದಿಗೂ ಮಕ್ಕಳನ್ನು ಕಳೆದುಕೊಂಡು ಅಳು ಬಾರದೆ ಕೂತ ಹೆಂಗಸರನ್ನು ಇಲ್ಲಿಗೆ ಕರೆತರುತ್ತಾರೆ. ಬಂದವಳು ಮೊದಲು ಮಾಳವ್ವನ ಹೆಸರು ಹಾಡಬೇಕು, ಆಮೇಲೆ ತನ್ನದು. ಹತ್ತಿರ ಹೋಗಿ ನೋಡಿದರೆ, ಕಳ್ಳನ ಬದಿಯ ಕಲ್ಲು ಹಣೆ ಊರಿ ಊರಿ ನುಣುಪಾಗಿದೆ.