ಬೆಕ್ಕು ಮೂಸಿ ನೋಡಿ ಆಚೆ ಹೋಗುವುದೇಕೆ?

ಭೂಮಿ ಆಗ ತಾನೇ ಹುಟ್ಟಿತ್ತು. ಮಣ್ಣು ಇನ್ನೂ ಸರಿಯಾಗಿ ಒಣಗಿರಲಿಲ್ಲ, ಕಾಲಿಟ್ಟಲ್ಲೆಲ್ಲ ಹೆಜ್ಜೆ ಮೂಡುತ್ತಿತ್ತು. ಗಾಳಿ ಯಾವ ಕಡೆ ಬೀಸಬೇಕೆಂದು ತಿಳಿಯದೆ ಎಲ್ಲ ಕಡೆಗೂ ಬೀಸುತ್ತಿತ್ತು. ಎಮ್ಮೆ, ಕಾಗೆ, ಏಡಿ, ಹೊಳೆ, ಗಾಳಿ ಎಲ್ಲರೂ ಮಾತಾಡುತ್ತಿದ್ದರು. ಮಾತು ಹೊಸದಲ್ಲವೇ, ಅದಕ್ಕೇ ಸ್ವಲ್ಪ ಜಾಸ್ತಿಯೇ ಮಾತಾಡುತ್ತಿದ್ದರು.

ಮೊದಲೇ ಹೇಳಿಬಿಡುತ್ತೇನೆ ಮಗಾ, ಈ ಕಥೆಯಲ್ಲಿ ಬೆಕ್ಕು ಉಳಿಯುತ್ತದೆ. ಸ್ವಲ್ಪ ನೋಯುತ್ತದೆ, ಆಮೇಲೆ ವಾಸಿಯಾಗುತ್ತದೆ. ಇಷ್ಟು ಹೇಳಿದ ಮೇಲೂ ನಡುವೆ ಅಳುತ್ತಾ ಕೂತರೆ ನಾನು ಕಥೆ ನಿಲ್ಲಿಸಿ ಎದ್ದು ಹೋಗುತ್ತೇನೆ.

ಹೊಳೆಯ ದಂಡೆಯಲ್ಲಿ ಭರಮವ್ವ ಎಂಬ ಹೆಂಗಸು ಇದ್ದಳು. ಹರಗೋಲಿನಲ್ಲಿ ಜನರನ್ನೂ ಕುರಿಗಳನ್ನೂ ಆಚೆ ದಂಡೆಗೆ ದಾಟಿಸುವುದು ಅವಳ ಕೆಲಸ. ಹರಗೋಲು ಗೊತ್ತಲ್ಲ, ದೊಡ್ಡ ಬುಟ್ಟಿಯಂತೆ ದುಂಡಗಿರುವ ದೋಣಿ. ಅವಳ ಜೊತೆ ಕೆಂಚಿ ಎಂಬ ಕಂದು ಬಣ್ಣದ ಹೆಣ್ಣು ಬೆಕ್ಕು ಇತ್ತು. ಭರಮವ್ವ ಆಚೆ ದಂಡೆಗೆ ಹೋದಾಗ ಕೆಂಚಿ ಈಚೆ ದಂಡೆಯ ಕಲ್ಲಿನ ಮೇಲೆ ಕೂತು ದಾರಿ ಕಾಯುತ್ತಿತ್ತು. ಹರಗೋಲು ತಿರುಗಿ ಬಂದರೆ ಬಾಲ ಎತ್ತಿಕೊಂಡು ಓಡಿ ಬರುತ್ತಿತ್ತು. ಭರಮವ್ವನಿಗೆ ಆ ಬೆಕ್ಕೆಂದರೆ ಪ್ರಾಣ.

ಆ ಕಾಲದಲ್ಲಿ ಬೆಕ್ಕು ಈಗಿನ ಹಾಗೆ ನಯನಾಜೂಕು ಮಾಡುತ್ತಿರಲಿಲ್ಲ. ಹಾಕಿದ್ದನ್ನು ಹಾಕಿದ ಹಾಗೆ ತಿನ್ನುತ್ತಿತ್ತು. ಮೂಸುತ್ತಿರಲಿಲ್ಲ. ಬಿಸಿಯೋ ತಣ್ಣಗೋ ನೋಡುತ್ತಿರಲಿಲ್ಲ. ತಾಟು ನೆಲಕ್ಕೆ ತಾಕುವ ಮೊದಲೇ ಅರ್ಧ ಖಾಲಿ. ಮೀನಿನ ಮುಳ್ಳು, ಕೋಳಿಯ ಎಲುಬು, ಒಣಗಿದ ರೊಟ್ಟಿ ಎಲ್ಲವೂ ಕಟಕಟ.

“ಆ ತಾಟರ ಉಳಸವ್ವಾ ನನ್ನವ್ವಾ,” ಎಂದು ಭರಮವ್ವ ನಗುತ್ತಿದ್ದಳು.

ಎಷ್ಟು ದಿನ ಅಂತ ಹಲ್ಲು ತಾಳೀತು? ಒಂದು ದಿನ ಕೆಂಚಿಯ ಕೆನ್ನೆ ಊದಿತು. ಬಾಯಿಯಿಂದ ಜೊಲ್ಲು ಸುರಿಯಿತು. ಮುಂಗಾಲಿನಿಂದ ಮುಖ ಉಜ್ಜಿಕೊಂಡು ಕುಂಯ್ ಎಂದಿತು. ಭರಮವ್ವ ಬಾಯಿ ತೆರೆಸಿ ನೋಡಿದಳು. ಹಿಂದಿನ ಮೂರು ಹಲ್ಲು ಹುಳುಕಾಗಿದ್ದವು.

ಹೊಸ ಭೂಮಿಯಲ್ಲಿ ಹಲ್ಲು ಕೀಳುವವನು ಒಬ್ಬನೇ ಇದ್ದ, ಏಡಿಕಾಕಾ. ಇಕ್ಕಳದಂಥ ಎರಡು ಕೈ ಅವನಿಗೆ ಹುಟ್ಟಿನಿಂದಲೇ ಬಂದಿದ್ದವು. ಅಡ್ಡಡ್ಡ ನಡೆದು ಬಂದ, ಬಾಯಿಯೊಳಗೆ ಇಣುಕಿದ, ಅಕ್ಕಲಕರಿ ಹೂವನ್ನು ಅರೆದು ಕೆಂಚಿಯ ಒಸಡಿಗೆ ಹಚ್ಚಿದ. ಆ ಹೂವು ನಾಲಿಗೆಗೆ ತಾಕಿದರೆ ಬಾಯೆಲ್ಲ ಜುಮ್ಮೆಂದು ಮರಗಟ್ಟುತ್ತದೆ. ಆಮೇಲೆ ಒಂದು, ಎರಡು, ಮೂರು. ಮೂರು ಹಲ್ಲೂ ಹೊರಗೆ ಬಂದವು. ಕೆಂಚಿಗೆ ಗೊತ್ತೇ ಆಗಲಿಲ್ಲ.

“ಛಲೋ ಆತು ನೋಡು ತಂಗೆವ್ವಾ,” ಎಂದು ಏಡಿಕಾಕಾ ಕೈ ತೊಳೆದುಕೊಂಡ. “ಹಲ್ಲು ಕೀಳೂದು ನನ್ನ ಕೆಲಸ, ಮುಗೀತು. ಉಣಿಸೂದು ನಿನ್ನ ಕೆಲಸ. ಮೂರು ದಿನದೊಳಗ ಬಾಯಿಗೆ ಏನರ ಹೋಗಬೇಕು. ಬೆಕ್ಕಿನ ಹೊಟ್ಟಿ ಭಾಳ ದಿನ ಖಾಲಿ ಇದ್ರ ಒಳಗಿಂದ ಸೋತು ಹೋಗ್ತೈತಿ. ಆಮ್ಯಾಲ ನಾ ಬಂದೂ ಉಪಯೋಗಿಲ್ಲ.”

“ಅಯ್ಯ, ಇದಕ್ಕ ಉಣಸೂದು ಒಂದು ಕೆಲಸ ಏನ್ ಕಾಕಾ? ನಿಲ್ಲಸೂದ ಕೆಲಸ,” ಎಂದಳು ಭರಮವ್ವ.

ಅವಳು ಹಾಗೆ ಅಂದದ್ದೇ ತಪ್ಪಾಯಿತು ನೋಡು.

ಮೊದಲ ದಿನ ತಾಟಿನಲ್ಲಿ ಮೀನು ಇಟ್ಟಳು. ಕೆಂಚಿ ನೋಡಲಿಲ್ಲ. ಹಾಲು ಇಟ್ಟಳು. ಕೆಂಚಿ ಮುಖ ತಿರುಗಿಸಿತು. ನೀರು ಮಾತ್ರ ಎರಡು ಸಲ ನೆಕ್ಕಿತು, ಮತ್ತೆ ಮುದುಡಿ ಮಲಗಿತು. ಬಾಯಿ ನೋಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಊಟವೆಂದರೆ ನೋವು ಎಂದು ಅದರ ತಲೆಯಲ್ಲಿ ಕೂತುಬಿಟ್ಟಿತ್ತು.

ಎರಡನೆಯ ದಿನ ಸುದ್ದಿ ಹಬ್ಬಿತು. ಯಾರಿಗಾದರೂ ಆರಾಮಿಲ್ಲ ಅಂದರೆ ಮಾತಾಡಿಸಲು ಹೋಗುವ ಪದ್ಧತಿ ಇದೆಯಲ್ಲ, ಅದು ಆವತ್ತೇ ಶುರುವಾದದ್ದು. ಬರಿಗೈಲಿ ಹೋಗಬಾರದು ಎನ್ನುವುದೂ ಆವತ್ತೇ ಶುರುವಾದದ್ದು. ಎಮ್ಮೆ ಗಟ್ಟಿ ಮೊಸರು ತಂದಿತು. ಕಾಗೆ ಎಲ್ಲಿಂದಲೋ ಎತ್ತಿದ ರೊಟ್ಟಿಯ ತುಂಡು ತಂದಿತು. ಎಲ್ಲಿಂದ ಎಂದು ಯಾರೂ ಕೇಳಲಿಲ್ಲ. ನಾಯಿ ತಾನು ಹೂತಿಟ್ಟಿದ್ದ ಎಲುಬನ್ನು ಅಗೆದು ತಂದಿತು. ಹಲ್ಲು ಕೀಳಿಸಿಕೊಂಡವರಿಗೆ ಎಲುಬು! ಆದರೂ ನಾಯಿಯ ಮನಸ್ಸು ದೊಡ್ಡದು.

ಎಲ್ಲರೂ ಕೆಂಚಿಯ ಸುತ್ತ ಗುಂಪಾಗಿ ಕೂತು ಅದರ ಬಾಯಿಯನ್ನೇ ನೋಡತೊಡಗಿದರು.

“ಒಂದ ತುತ್ತು ತಿನ್ನವಾ, ನನ್ನ ಆಣಿ ಐತಿ,” ಎಂದಿತು ಎಮ್ಮೆ.

“ಎಮ್ಮಕ್ಕಂದು ತಿಂತಿ, ನಂದು ತಿನ್ನೂದಿಲ್ಲ?” ಎಂದಿತು ಕಾಗೆ, ಕೆಂಚಿ ಇನ್ನೂ ಏನನ್ನೂ ತಿನ್ನದಿದ್ದರೂ.

“ನೆಕ್ಕರ ನೆಕ್ಕ,” ಎಂದಿತು ನಾಯಿ.

“ನಮ್ಮ ಮುಖ ನೋಡಿ ತಿನ್ನ,” ಎಂದರು ಎಲ್ಲರೂ.

ಕೆಂಚಿ ಒಬ್ಬೊಬ್ಬರ ಮುಖ ನೋಡಿತು. ಇಷ್ಟು ಮುಖ ನೋಡಿ ಯಾರಿಗೆ ತಾನೇ ಊಟ ಸೇರುತ್ತದೆ?

ಭರಮವ್ವನಿಗೆ ಭಯ ಹತ್ತಿತು. ಭಯ ಹತ್ತಿದವರು ಏನು ಮಾಡುತ್ತಾರೋ ಅದನ್ನೇ ಅವಳೂ ಮಾಡಿದಳು. ಕೆಂಚಿಯನ್ನು ತೊಡೆಗಳ ನಡುವೆ ಹಿಡಿದು, ಬಾಯಿ ಅಗಲಿಸಿ, ಜೋಳದ ನುಚ್ಚನ್ನು ಬೆರಳಿನಿಂದ ತುರುಕಿದಳು. ಕೆಂಚಿ ಅದನ್ನೆಲ್ಲ ಉಗಿಯಿತು, ಅವಳ ಕೈ ಪರಚಿತು, ತಪ್ಪಿಸಿಕೊಂಡು ಓಡಿತು. ದಂಡೆಯ ಮೇಲೆ ಹರಗೋಲನ್ನು ಒಣಗಲೆಂದು ಬೋರಲು ಹಾಕಲಾಗಿತ್ತು. ಕೆಂಚಿ ಅದರ ಅಂಚಿನ ಸಂದಿಯಲ್ಲಿ ನುಗ್ಗಿ ಒಳಗೆ ಸೇರಿಕೊಂಡಿತು. ಕರೆದರೆ ಬರಲಿಲ್ಲ. ತನ್ನನ್ನು ಕಂಡರೆ ಬಾಲ ಎತ್ತಿ ಓಡಿ ಬರುತ್ತಿದ್ದ ಬೆಕ್ಕು ತನ್ನಿಂದಲೇ ಅಡಗಿತಲ್ಲ ಎಂದು ಭರಮವ್ವ ಕತ್ತಲಾಗುವವರೆಗೂ ಹರಗೋಲಿನ ಪಕ್ಕದಲ್ಲೇ ಕೂತಳು.

ಮೂರನೆಯ ದಿನ ಬೆಳಿಗ್ಗೆ ಅವಳು ಹೊಳೆಯ ನೀರಿಗೆ ಕಾಲು ಬಿಟ್ಟು ಕೂತಳು.

“ಹೊಳೆವ್ವಾ, ಇವತ್ತಿಗೆ ಮೂರು ದಿನ ಆತು. ಕೆಂಚಿ ಒಂದು ಅಗಳು ಮುಟ್ಟಿಲ್ಲ. ಹಲ್ಲು ಹೋದ್ರ ಹೋತು, ಬೆಕ್ಕ ಹೋಗಬಾರದು. ನಾ ಏನ್ ಮಾಡ್ಲಿ?”

ಹೊಳೆ ಅವಸರ ಮಾಡುವುದಿಲ್ಲ. ಅವಳ ಕಾಲನ್ನು ಸ್ವಲ್ಪ ಹೊತ್ತು ತೊಳೆಯಿತು. ಆಮೇಲೆ ಕೇಳಿತು:

“ಭರಮವ್ವಾ, ಕರು ನನ್ನ ಹಂತೇಕ ನೀರು ಕುಡಿಯಾಕ ಬರ್ತೈತಲ್ಲ, ನಾ ಯಾವತ್ತರ ದಂಡಿ ಹತ್ತಿ ಹೋಗಿ ಅದರ ಬಾಯಾಗ ನೀರು ಸುರುವೇನೇನು?”

“ಇಲ್ಲ.”

“ಮತ್ತ? ನಾ ಇಲ್ಲೇ ಇರ್ತೀನಿ. ನೀರಡಿಕಿ ಆದ ಕರು ಬರ್ತೈತಿ. ನೀ ಹಠ ಮಾಡಿದ್ರ ಬೆಕ್ಕು ನಿನಗಿಂತ ಹಠ ಮಾಡ್ತೈತಿ. ಬೆಕ್ಕಿನ ಜೋಡಿ ಹಠದಾಗ ಗೆದ್ದವರನ್ನ ನಾ ಇನ್ನೂ ಕಂಡಿಲ್ಲ.”

“ಆದ್ರ ಅದಕ್ಕ ಹಸಿವು ಅನ್ನೂದ ಮರತ ಹೋಗೇತಿ, ಹೊಳೆವ್ವಾ.”

“ಅದನ್ನ ಗಾಳೆಪ್ಪನ್ನ ಕೇಳು.”

ಗಾಳಿ ಅಲ್ಲೇ ಸುಳಿದಾಡುತ್ತಿತ್ತು. ತನ್ನ ಹೆಸರು ಕೇಳಿ ಜೊಂಡಿನ ಮೇಲೆ ಬಂದು ನಿಂತಿತು.

“ಗಾಳೆಪ್ಪಾ, ಮೀನಿನ ವಾಸನಿ ಒಯ್ದು ಕೆಂಚಿ ಮೂಗಿಗೆ ಮುಟ್ಟಸೋ ಯಪ್ಪಾ.”

“ಏನ್ ಒಯ್ಯಲಿ?” ಎಂದಿತು ಗಾಳಿ. “ನೀ ಇಟ್ಟ ಮೀನು ಹೊಳಿ ಕಲ್ಲಿನಂಗ ತಣ್ಣಗ ಐತಿ. ತಣ್ಣನ ಮೀನು ವಾಸನಿನ ಮುಷ್ಟಿಯೊಳಗ ಹಿಡ್ಕೊಂಡು ಕುಂದರ್ತೈತಿ, ನನಗ ಕೊಡೂದಿಲ್ಲ. ಬೆಚ್ಚಗ ಮಾಡು. ಬಿಸಿ ಅಲ್ಲ, ಬೆಚ್ಚಗ. ಆವಾಗ ಅದು ಕೈ ಸಡಲ ಬಿಡ್ತೈತಿ. ಒಂದೀಟ ವಾಸನಿ ಕೊಡು, ಮೂಗಿನ ಬಾಗಲಿಗೆ ಹೋಗಿ ಬಡೀತೀನಿ.”

ಭರಮವ್ವ ಎದ್ದಳು. ಎರಡು ಸಣ್ಣ ಮೀನು ಬೇಯಿಸಿ, ಒಂದೊಂದೇ ಮುಳ್ಳು ಆರಿಸಿ ತೆಗೆದಳು. ಉಪ್ಪಿಲ್ಲ, ಖಾರವಿಲ್ಲ. ಬೆಂದ ನೀರನ್ನೇ ಹಾಕಿ ಬೆರಳಿನಿಂದ ಹಿಸುಕಿದಳು. ಹಲ್ಲಿಲ್ಲದ ಮಗುವಿಗೆ ಅನ್ನ ಹಿಸುಕುತ್ತಾರಲ್ಲ, ಹಾಗೆ ಹಿಸುಕಿದಳು. ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿದಳು. ಸುಡಲಿಲ್ಲ. ಮಣ್ಣಿನ ಬಟ್ಟಲಿನಲ್ಲಿ ಹಾಕಿ ಹರಗೋಲಿನ ಸಂದಿಯ ಹತ್ತಿರ ಇಟ್ಟಳು.

ಅಷ್ಟರಲ್ಲಿ ಮಾತಾಡಿಸುವವರು ಮತ್ತೆ ಬಂದು ಕೂತಿದ್ದರು.

“ಎಲ್ಲಾರೂ ಬೆನ್ನು ತಿರುಗಸ್ರಿ,” ಎಂದಳು ಭರಮವ್ವ.

“ಯಾಕ?” ಎಂದಿತು ಕಾಗೆ.

“ನನ್ನ ಆಣಿ ಐತಿ.”

ನಿನ್ನೆ ತಾವೇ ಹಾಕಿದ ಆಣೆ ಇವತ್ತು ತಮ್ಮ ಮೇಲೇ ಬಂತು. ಎಲ್ಲರೂ ಹೊಳೆಯ ಕಡೆ ಮುಖ ಮಾಡಿ ಸಾಲಾಗಿ ಕೂತರು. ಭರಮವ್ವನೂ ಬೆನ್ನು ಹಾಕಿ ಕೂತಳು. ಹೊಸ ಭೂಮಿಯಲ್ಲಿ ಮೊದಲ ಸಲ ಅಷ್ಟು ಹೊತ್ತು ಯಾರೂ ಮಾತಾಡದೆ ಇದ್ದದ್ದು ಅಂದೇ. ಕಾಗೆ ಕತ್ತು ಓರೆ ಮಾಡಲು ನೋಡಿತು. ಎಮ್ಮೆ ಬಾಲದಿಂದ ಒಂದು ಕೊಟ್ಟಿತು.

ಗಾಳಿ ಬಟ್ಟಲಿನ ಮೇಲೆ ಬಗ್ಗಿತು. ಬೆಚ್ಚಗಿನ ಮೀನು ಕೈ ಸಡಿಲ ಬಿಟ್ಟಿತು. ಗಾಳಿ ಅದರ ವಾಸನೆಯನ್ನು ಎತ್ತಿಕೊಂಡು ಮೆಲ್ಲಗೆ ಹರಗೋಲಿನ ಒಳಗೆ ಹೋಯಿತು.

ಒಳಗೆ ಕತ್ತಲಲ್ಲಿ ಕೆಂಚಿಯ ಮೂಗು ಒಂದು ಸಲ ಅದುರಿತು. ಕೆಂಚಿಗೇ ಆಶ್ಚರ್ಯವಾಯಿತು. ಇಷ್ಟು ದಿನ ಮುಖದ ಮೇಲೆ ಸುಮ್ಮನೆ ಕೂತಿದ್ದ ಮೂಗು ಈಗ ಮಾತಾಡುತ್ತಿದೆ!

“ಮೆತ್ತಗ ಐತಿ,” ಎಂದಿತು ಮೂಗು. “ಮುಳ್ಳಿಲ್ಲ. ನೋಯೂದಿಲ್ಲ. ನಾ ನೋಡೀನಿ, ಹೋಗು.”

ಕೆಂಚಿ ಹೊರಗೆ ಬಂದಿತು. ಬಟ್ಟಲನ್ನು ಮೂಸಿತು. ಸುತ್ತ ನೋಡಿತು. ಬರೀ ಬೆನ್ನುಗಳು. ಸ್ವಲ್ಪ ಆಚೆ ಹೋಗಿ, ತನಗೇನೂ ಬೇಡ ಎನ್ನುವಂತೆ ಕೂತಿತು. ಮತ್ತೆ ಎದ್ದು ಬಂದಿತು. ಮತ್ತೆ ಮೂಸಿತು.

ಆಮೇಲೆ, ಚಪ್.

ಭರಮವ್ವ ಕಿವಿ ನಿಮಿರಿಸಿದಳು.

ಚಪ್. ಚಪ್.

ಅವಳು ತಿರುಗಿ ನೋಡಲಿಲ್ಲ. ನೋಡಬೇಕು ಎಂದು ಕುತ್ತಿಗೆಯೆಲ್ಲ ತುರಿಸಿದರೂ ತಿರುಗಲಿಲ್ಲ. ಹೊಳೆಯನ್ನೇ ನೋಡುತ್ತಾ ಕೂತಳು. ಕಣ್ಣಿನಿಂದ ನೀರು ಧಾರಾಕಾರವಾಗಿ ಹರಿಯಿತು, ಬಾಯಿ ಮಾತ್ರ ಕಿವಿಯವರೆಗೆ ನಗುತ್ತಿತ್ತು. ಪಕ್ಕದಲ್ಲಿ ನಾಯಿಯ ಬಾಲ ನೆಲಕ್ಕೆ ಪಟಪಟ ಬಡಿಯಿತು. ನಾಯಿಗೆ ಬಾಲವನ್ನು ಹಿಡಿದಿಡಲು ಬರುವುದಿಲ್ಲ, ಪಾಪ.

ಮೂರು ಸಲ ನೆಕ್ಕಿ ಕೆಂಚಿ ನಿಲ್ಲಿಸಿತು.

ಎಮ್ಮೆ ಬಾಯಿ ತೆರೆಯಿತು, “ಇನ್ನೊಂದೀಟ...”

“ಶ್!” ಎಂದಳು ಭರಮವ್ವ.

ಎಮ್ಮೆ ಬಾಯಿ ಮುಚ್ಚಿತು. ಬಾಯಿಯವರೆಗೆ ಬಂದ ಮಾತನ್ನು ಸುಮ್ಮನೆ ಮೆಲುಕು ಹಾಕಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಚಪ್, ಚಪ್. ಮತ್ತೆ ವಿರಾಮ. ಭರಮವ್ವ ಹಿಂದಕ್ಕೆ ಕೈ ಚಾಚಿ ಬಟ್ಟಲು ತೆಗೆದುಕೊಂಡಳು, ಮತ್ತೆ ಬೆಚ್ಚಗೆ ಮಾಡಿದಳು, ಮತ್ತೆ ಇಟ್ಟು ಬೆನ್ನು ಹಾಕಿದಳು. ಮಧ್ಯಾಹ್ನ ಕಳೆಯುವ ಹೊತ್ತಿಗೆ ಬಟ್ಟಲು ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಆಗ ಅವಳ ಬೆನ್ನಿಗೆ ಏನೋ ಮೆತ್ತಗೆ ತಾಕಿತು. ಕೆಂಚಿಯ ತಲೆ. ಕೆನ್ನೆಯ ಊತ ಇಳಿದಿತ್ತು. ಗರಗರ ಎನ್ನುತ್ತಿತ್ತು.

“ಬಂದ್ಯಾ ನನ್ನವ್ವಾ,” ಎಂದು ಭರಮವ್ವ ಜೋರಾಗಿ ಅತ್ತಳು, ಜೋರಾಗಿ ನಕ್ಕಳು. ಕಾಗೆ ಕೂಗಿತು, ನಾಯಿ ಕುಣಿಯಿತು, ಎಮ್ಮೆ ಹೊಳೆಗೆ ಧುಮುಕಿ ಎಲ್ಲರಿಗೂ ನೀರು ಎರಚಿತು. ಸದ್ದು ಕೇಳಿ ಏಡಿಕಾಕಾ ಅಡ್ಡಡ್ಡ ಓಡಿ ಬಂದ. ಕೆಂಚಿಯ ಬಾಯಿ ನೋಡಿ, “ಗಾಯ ಮಾಯಾಕ ಹತ್ತೇತಿ. ಇನ್ನ ಚಿಂತಿಲ್ಲ,” ಎಂದ. ಚಿಂತಿಲ್ಲ ಎಂಬ ಮಾತು ಅಷ್ಟು ರುಚಿಯಾಗಿರುತ್ತದೆ ಎಂದು ಭರಮವ್ವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮೂರು ದಿನದಿಂದ ತಾನೂ ಉಂಡಿಲ್ಲವೆಂದು ಆಗ ನೆನಪಾಗಿ, ಎಮ್ಮೆಯ ಮೊಸರು ಕಾಗೆಯ ರೊಟ್ಟಿ ಎರಡನ್ನೂ ಕೂತು ತಿಂದಳು.

ಕೆಂಚಿ ಅವಳ ತೊಡೆಯ ಮೇಲೆ ಮಲಗಿ ಹೇಳಿತು:

“ಯವ್ವಾ, ಇನ್ನ ಮ್ಯಾಲ ಮೂಗು ಹೇಳದ ನಾ ಬಾಯಿ ಹಚ್ಚೂದಿಲ್ಲ. ಒಮ್ಮೆಲೆ ತಿನ್ನೂದಿಲ್ಲ, ಈಟೀಟ ತಿಂತೀನಿ. ಮತ್ತ ತಿನ್ನುವಾಗ ನನ್ನ ಮುಖ ಯಾರೂ ನೋಡಬ್ಯಾಡ್ರಿ.”

“ಆತವ್ವಾ,” ಎಂದಳು ಭರಮವ್ವ. ಆ ಹೊತ್ತಿನಲ್ಲಿ ಕೆಂಚಿ ಚಂದ್ರನನ್ನೇ ಕೇಳಿದ್ದರೂ ಅವಳು ಆತವ್ವಾ ಎನ್ನುತ್ತಿದ್ದಳು.

ಕೆಂಚಿ ತನ್ನ ಮರಿಗಳಿಗೆ ಅದನ್ನೇ ಕಲಿಸಿತು. ಆ ಮರಿಗಳು ತಮ್ಮ ಮರಿಗಳಿಗೆ ಕಲಿಸಿದವು. ಅದಕ್ಕೇ ಮಗಾ, ನೀನು ಇವತ್ತಿಗೂ ಬೆಕ್ಕಿನ ಮುಂದೆ ತಾಟು ಇಟ್ಟರೆ ಅದು ಮೂಸಿ ನೋಡಿ, ಬೇಡವೆನ್ನುವಂತೆ ಆಚೆ ಹೋಗಿ ಕೂರುತ್ತದೆ. ನೀನು ಅದರ ಬೆನ್ನು ಹತ್ತಬೇಡ, ಒಂದಿಷ್ಟು ಹೊತ್ತು ಬೆನ್ನು ತಿರುಗಿಸಿ ಸುಮ್ಮನೆ ಕೂತಿರು, ಹಿಂದಿನಿಂದ ಚಪ್ ಚಪ್ ಎಂದು ಕೇಳುತ್ತದೆ.