ರಾಜಕುಮಾರಿಯ ಅವರೆ ಚಪ್ಪರ

"ಕೇಳಿರಪ್ಪೋ ಕೇಳಿ! ತೀರಿಹೋದ ರಾಜಕುಮಾರಿ ನೆಟ್ಟ ಅವರೆ ಚಪ್ಪರ ಸೊರಗುತ್ತಿದೆ. ರಾಣಿಯವರು ಮೂರು ಒಗಟು ಕೇಳುತ್ತಾರೆ. ಬಿಡಿಸಿ ಚಪ್ಪರ ಉಳಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರ ತಲೆ ಹೋಗುತ್ತದೆ. ಇದು ಮಲ್ಲರಸ ದೊರೆಯ ಆಣತಿ!"

ಸಿಡಿಲಗಿರಿಯ ಬೀದಿಗಳಲ್ಲಿ ಡಂಗುರ ಸಾರಿದಾಗ ಜನ ಬಾಗಿಲು ಮುಚ್ಚಿಕೊಂಡರು. ಒಗಟುಗಳು ರಾಣಿ ಜಕ್ಕಲದೇವಿಯವು. ತಲೆಯ ಮಾತನ್ನು ಸೇರಿಸಿದವನು ದೊರೆ. ಯಾಕೆ ಸೇರಿಸಿದನೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ರಾಜಕುಮಾರಿ ಚೆಲುವಾಂಬೆ ಇನ್ನೂ ಹಾಲುಹಲ್ಲು ಬೀಳುವ ವಯಸ್ಸಿನವಳು. ತಾನೇ ನೆಟ್ಟ ಬಳ್ಳಿಯಿಂದ ಎಳೆಯ ಅವರೆಕಾಯಿ ಕಿತ್ತು ತಿಂದು, ಸಂಜೆಯೊಳಗೆ ಹೊಟ್ಟೆ ಹಿಡಿದುಕೊಂಡು ಸತ್ತಳು. ಕಾಯಿಯ ಮೇಲೆ ಪಾಷಾಣದ ಪುಡಿ ಇತ್ತು. ತೋಟಗಾರ ಬೊಮ್ಮಯ್ಯನೇ ವಿಷವಿಟ್ಟನೆಂದು ದೊರೆ ಆ ಮುದುಕನನ್ನು ನೆಲಮಾಳಿಗೆಗೆ ತಳ್ಳಿಸಿದ. ಬರುವ ಅಮಾವಾಸ್ಯೆಗೆ ಶೂಲ ಎಂದು ತೀರ್ಪಾಯಿತು.

ಮೊದಲು ಬಂದವನು ದಳವಾಯಿಯ ಮಗ. ಚಪ್ಪರದ ಕೆಳಗೆ ಬಿಳಿ ಸೀರೆಯಲ್ಲಿ ಕೂತಿದ್ದ ರಾಣಿ ಕೇಳಿದಳು: "ಗಂಡನಿಲ್ಲದೆ ಹೆರುತ್ತಾಳೆ, ಹೆರುವುದೆಲ್ಲ ಹೆಣ್ಣೇ. ಬಾಯಲ್ಲಿ ಹಲ್ಲಿಲ್ಲ, ಊರಿಗೆ ಊರೇ ಬರಿದು ಮಾಡುತ್ತಾಳೆ. ಯಾರವಳು?"

"ಮಾರಿ" ಎಂದ. ಮಧ್ಯಾಹ್ನಕ್ಕೆ ಅವನ ತಲೆ ಕೋಟೆ ಬಾಗಿಲ ಮೇಲಿತ್ತು. ಆಮೇಲೆ ಬಂದ ಮಂತ್ರವಾದಿ "ನೆಲತಾಯಿ" ಎಂದ. ಅವನೂ ಉಳಿಯಲಿಲ್ಲ. ವರ್ತಕನ ಮಗನೊಬ್ಬ ಮೊದಲನೆಯದನ್ನು ಬಿಡಿಸಿದ. ಎರಡನೆಯದಕ್ಕೆ "ಸುಂಕದವನು" ಎಂದ. ಅವನನ್ನು ಎಳೆದೊಯ್ಯುವಾಗ ಅವನು ಕೂಗಿದ್ದು ತಾಯಿಯನ್ನು. ರಾಣಿ ಕಿವಿ ಮುಚ್ಚಿಕೊಂಡಳು.

ಊರಾಚೆಯ ಮಡುವಿನಲ್ಲಿ ಬಟ್ಟೆ ಒಗೆಯುವ ಮಾಚನೆಂಬ ಹುಡುಗನಿದ್ದ. ಗಿಡದ ಹುಳಕ್ಕೆ ಎರಚಲು ಅಂಟುವಾಳದ ಕಾಯಿ ನೆನೆಸಿದ ನೀರನ್ನು ಅವನು ಬೊಮ್ಮಯ್ಯನಿಗೆ ಕೊಟ್ಟರೆ, ಬೊಮ್ಮಯ್ಯ ಅವನ ತಾಯಿಗೆ ಸೊಪ್ಪು ಕೊಡುತ್ತಿದ್ದ. ಬಡವರ ಮನೆಯ ಕೊಡುಕೊಳ್ಳುವಿಕೆ ಅಷ್ಟೆ. ಮಾಚ ಅರಮನೆಗೆ ಹೊರಟಾಗ ತಾಯಿ ಬಾಗಿಲಿಗೆ ಅಡ್ಡ ನಿಂತಳು.

"ಬ್ಯಾಡ ಮಗ. ಮೂರು ತಲೆ ಹೋಗವೆ."

"ಅಮಾಸೆಗೆ ಬೊಮ್ಮಜ್ಜನ ಜೀವಾನೂ ಹೋಯ್ತದೆ ಕಣವ್ವ. ಆವತ್ತು ನಾನು ಅಲ್ಲೇ ಇದ್ದೆ. ಎಲ್ಲಾ ನೋಡಿವ್ನಿ."

ತಾಯಿ ಬಾಯಿಗೆ ಸೆರಗು ಒತ್ತಿಕೊಂಡು ದಾರಿ ಬಿಟ್ಟಳು.

ಚಪ್ಪರದ ಮುಂದೆ ದೊರೆ ಕತ್ತಿ ಊರಿಕೊಂಡು ನಿಂತಿದ್ದ. ಮೊದಲನೆಯ ಒಗಟು ಕೇಳಿ ಮಾಚ ಒಂದು ಮುದುಡಿದ ಎಲೆ ಮಗುಚಿದ. ಅಡಿಯಲ್ಲಿ ಎಳ್ಳು ಚೆಲ್ಲಿದ ಹಾಗೆ ಕಪ್ಪು ಹುಳ.

"ಇವಳೇ ತಾಯಿ, ಗಿಡಹೇನು. ಗಂಡಿಲ್ಲದೇನೇ ಮರಿ ಹಾಕ್ತಾಳೆ. ಕಚ್ಚಲ್ಲ, ರಸ ಹೀರ್ತಾಳೆ."

ರಾಣಿ ತಲೆಯಾಡಿಸಿದಳು. "ಕೊಂಬಿಲ್ಲದ ದನ, ಕೋಲಿಲ್ಲದ ದನಗಾಹಿ. ಕಟ್ಟದ ಮಂದೆಯನ್ನು ಕಾದು, ಕೆಚ್ಚಲಿಲ್ಲದೆ ಕರೆಯುತ್ತಾನೆ. ಯಾರವನು?"

ಬಳ್ಳಿಯ ಕಾಂಡದ ಮೇಲೆ ಇರುವೆಗಳು ಸಾಲುಗಟ್ಟಿ ಹತ್ತುತ್ತಿದ್ದವು. "ಇರುವೆ. ಹೇನು ಬಿಡೋ ಸಿಹಿನೀರಿಗೆ ಆಸೆಪಟ್ಟು, ಹೇನು ತಿನ್ನೋರನ್ನ ಹತ್ರ ಬಿಡಲ್ಲ" ಎಂದ ಮಾಚ.

ರಾಣಿ ದೊರೆಯ ಕಡೆ ನೋಡುತ್ತ ಮೂರನೆಯದನ್ನು ಕೇಳಿದಳು: "ಕುರೂಪಿಯೊಬ್ಬ ಕೂಲಿ ಕೇಳದೆ ಮನೆ ಕಾಯುತ್ತಿದ್ದ. ಮನೆಯೊಡೆಯ ಕಳ್ಳರ ಜೊತೆ ಅವನನ್ನೂ ಕೊಂದ. ಕಳ್ಳರು ಮರಳಿ ಬಂದರು, ಮನೆಯ ದೀಪ ಆರಿತು. ಕಾವಲುಗಾರ ಯಾರು? ಒಡೆಯ ಯಾರು?"

ಮಾಚ ಮಂಡಿಯೂರಿ ಬುಡದ ಮಣ್ಣು ಕೆದಕಿದ. ಒಣಗಿದ ಮುಳ್ಳುಮೈಯ ಪುಟ್ಟ ಹುಳಗಳು ಅಂಗೈಗೆ ಬಂದವು.

"ಕಾವಲುಗಾರ ಇವನು. ಗುಲಗಂಜಿ ಹುಳದ ಮರಿ. ನೋಡೋಕೆ ವಿಕಾರ, ಹೇನೇ ಇವನ ಊಟ. ಹಬ್ಬಕ್ಕೆ ನೆಂಟರು ಬರ್ತಾರೆ, ಒಂದು ಹುಳಾನೂ ಕಾಣಬಾರದು, ಪಾಷಾಣ ಚೆಲ್ಲಿ ಅಂತ ಅಪ್ಪಣೆ ಆಯ್ತು. ಬೊಮ್ಮಜ್ಜ ಕಾಲು ಹಿಡಿದ. ಬ್ಯಾಡಿ ಬುದ್ಧಿ, ಮಗು ಇಲ್ಲೇ ಆಡ್ತದೆ ಅಂದ. ಅವನನ್ನ ಒದ್ದು, ಸಿಪಾಯಿಗಳ ಕೈಲಿ ಚೆಲ್ಲಿಸಿದ್ರು."

"ಒಡೆಯ ಯಾರು?" ರಾಣಿ ಮತ್ತೆ ಕೇಳಿದಳು.

ದೊರೆಯ ಕಾಲ ಬಳಿ ಕತ್ತಿಯ ಮೊನೆ ಕಾಣುತ್ತಿತ್ತು. "ನೀವೇ ಬುದ್ಧಿ" ಎಂದು ಮಾಚ ದೊರೆಗೆ ಹೇಳಿ, ಕಣ್ಣು ಮುಚ್ಚಿ ಕುತ್ತಿಗೆ ಬಾಗಿಸಿದ.

ಕತ್ತಿ ಮೇಲೆದ್ದಿತು. "ಉತ್ತರ ಸರಿಯಾಗಿದೆ" ಎಂದಳು ರಾಣಿ, ಎಲ್ಲರಿಗೂ ಕೇಳುವ ಹಾಗೆ. "ನನಗೂ ಗೊತ್ತಿತ್ತು, ನಿಮಗೂ ಗೊತ್ತಿತ್ತು. ಯಾರಾದರೂ ನಿಮ್ಮೆದುರು ಹೇಳಲಿ ಎಂದು ಒಗಟು ಕಟ್ಟಿದೆ. ಯಾರೂ ಹೇಳಬಾರದೆಂದು ನೀವು ತಲೆ ಕೇಳಿದಿರಿ. ಅದು ಗೊತ್ತಿದ್ದೂ ನಾನು ಒಗಟು ನಿಲ್ಲಿಸಲಿಲ್ಲ. ಸತ್ತ ಮೂವರ ಪಾಪದಲ್ಲಿ ನನಗೂ ಪಾಲಿದೆ."

ಮಲ್ಲರಸ ಕತ್ತಿ ಬಿಸುಟು ಒಣಗಿದ ಬಳ್ಳಿಗಳ ನಡುವೆ ಕುಸಿದು ಕೂತ. "ಏನು ಬೇಕು ಕೇಳು" ಎಂದ ಮಾಚನಿಗೆ.

"ಬೊಮ್ಮಜ್ಜ ಬೇಕು."

ನೆಲಮಾಳಿಗೆಯಿಂದ ಬಂದ ಬೊಮ್ಮಯ್ಯನಿಗೆ ನಡೆಯಲಾಗುತ್ತಿರಲಿಲ್ಲ. ಮಾಚ ಅವನನ್ನು ಬೆನ್ನ ಮೇಲೆ ಹೊತ್ತು ತಂದು ಚಪ್ಪರದ ಕೆಳಗೆ ಕೂರಿಸಿದ. ಅಜ್ಜ ಹೇಳಿದಂತೆ ಹುಡುಗ ಮಾಡಿದ. ವಿಷ ಬಿದ್ದ ಮೇಲ್ಮಣ್ಣನ್ನೂ ಹಳೆಯ ಬಳ್ಳಿಗಳನ್ನೂ ತೆಗೆದು ದೂರದಲ್ಲಿ ಹೂಳಿದ. ಅಜ್ಜ ಹಿಂದಿನ ಬೆಳೆಯಿಂದ ಉಳಿಸಿಕೊಂಡಿದ್ದ ಬೀಜವನ್ನು ಹೊಸ ಮಣ್ಣಿನಲ್ಲಿ ಊರಿದ. ಇರುವೆ ಹತ್ತದಂತೆ ಕಂಬಗಳಿಗೆ ಹರಳೆಣ್ಣೆಯ ಬಟ್ಟೆ ಸುತ್ತಿದ. ಹೊಸ ಬಳ್ಳಿ ಹಬ್ಬಿದ ಮೇಲೆ ಹೇನು ಮುತ್ತಿದ ಕುಡಿ ಚಿವುಟಿ ಸುಟ್ಟ. ಎಲೆಯಡಿಗೆ ಅಂಟುವಾಳದ ನೀರು ಎರಚಿದ. ಕೊನೆಗೆ ಹೊಳೆಯಾಚೆಯ ಸಾಸಿವೆ ಹೊಲದಿಂದ ಗುಲಗಂಜಿ ಹುಳಗಳನ್ನು ತಂದು ಬಿಟ್ಟ.

ಚಳಿಗಾಲಕ್ಕೆ ಚಪ್ಪರ ತುಂಬ ಕಾಯಿ. ದೊರೆ ಆ ತೋಟವನ್ನು ಮಾಚನಿಗೂ ಬೊಮ್ಮಯ್ಯನಿಗೂ ಉಂಬಳಿಯಾಗಿ ಬರೆದುಕೊಟ್ಟ. ಮೊದಲ ಕಾಳಿನ ಹುಳಿ ಮಾಡಿಸಿ ರಾಣಿ ಸತ್ತ ಮೂವರ ತಾಯಂದಿರನ್ನು ಊಟಕ್ಕೆ ಕರೆಸಿದಳು. ಬಂದವಳು ವರ್ತಕನ ಹೆಂಡತಿಯೊಬ್ಬಳೇ. ಎಲೆಯ ಮುಂದೆ ಕೂರಲಿಲ್ಲ. ಮಾಚನ ಹತ್ತಿರ ಹೋಗಿ, ಅಲ್ಲಿ ಒಣಗಲು ಹರಡಿದ್ದ ಅವರೆಕಾಳು ತೋರಿಸಿ, "ಬಿತ್ತಿದರೆ ಹುಟ್ಟುತ್ತವಾ?" ಎಂದು ಕೇಳಿದಳು.

"ಹುಟ್ತವೆ ತಾಯಿ."

ಒಂದು ಹಿಡಿ ಒಣಕಾಳನ್ನು ಸೆರಗಿಗೆ ಗಂಟು ಹಾಕಿಕೊಂಡು, ಬಾಗಿಲಲ್ಲಿ ಕೈಮುಗಿದು ನಿಂತಿದ್ದ ದೊರೆಯ ಕಡೆ ತಿರುಗಿಯೂ ನೋಡದೆ ಹೊರಟುಹೋದಳು.