ಕೆರೆಯ ಫೋಟೋ ಮತ್ತು ಮುದಿ ಕತ್ತರಿ

ಸ್ಟುಡಿಯೋ ಒಂದರಲ್ಲಿ ಮುದಿ ಕತ್ತರಿಯೊಂದಿತ್ತು. ಜೀವಮಾನವೆಲ್ಲ ಫೋಟೋಗಳ ಅಂಚು ಕತ್ತರಿಸಿ ಅದರ ಅಲಗು ಸವೆದಿತ್ತು, ಮನಸ್ಸೂ ದಣಿದಿತ್ತು. ಒಂದು ದಿನ ಕೆರೆಯ ಫೋಟೋ ಬಂದು, "ಅಣ್ಣಾ, ಎಡಗಡೆಯ ಲೈಟು ಕಂಬ ತೆಗೆದುಬಿಡು" ಎಂದಿತು. ಕತ್ತರಿ ತೆಗೆಯಿತು. ಕೆರೆ ನಿಜಕ್ಕೂ ಚೆಲುವಾಯಿತು. ಆಸೆ ಹೆಚ್ಚಿದ ಫೋಟೋ, "ಬಲಗಡೆಯ ಒಣಮರವೂ ಬೇಡ" ಎಂದಿತು.

"ಅದಿರಲಿ ತಂಗಿ. ಇದು ಯಾವ ಕೆರೆಯೆಂದು ಗುರುತು ಸಿಗುವುದೇ ಅದರಿಂದ."

"ಕತ್ತರಿಸುವುದಷ್ಟೇ ನಿನ್ನ ಕೆಲಸ."

ವಾದಿಸುವ ತ್ರಾಣ ಕತ್ತರಿಗಿರಲಿಲ್ಲ. ಮರವನ್ನೂ ಕತ್ತರಿಸಿತು. ಆ ತುಂಡು ಕಸದ ಗಾಡಿ ಸೇರಿತು. ಫೋಟೋ ಚೌಕಟ್ಟು ತೊಟ್ಟು ಕಿಟಕಿಯಲ್ಲಿ ನಿಂತಿತು; ದಾರಿಹೋಕರೆಲ್ಲ ಮೆಚ್ಚಿದರು.

ವರ್ಷ ಕಳೆದ ಮೇಲೆ ಬೆಳ್ಳಕ್ಕಿಯೊಂದು ಕಿಟಕಿಗೆ ಬಂದು ಕೂತಿತು. "ನಮ್ಮ ಕೆರೆಯ ಒಣಮರವನ್ನು ಕಡಿದುಬಿಟ್ಟರು. ನನ್ನ ಮರಿಗಳು ಹುಟ್ಟಿದ್ದು ಅದರ ಮೇಲೆ. ಚಿತ್ರದಲ್ಲಾದರೂ ನೋಡೋಣವೆಂದು ಬಂದೆ" ಎಂದಿತು. ಬಹಳ ಹೊತ್ತು ಹುಡುಕಿ, "ಚೆನ್ನಾಗಿದ್ದೀಯಮ್ಮ, ಆದರೆ ನೀನು ನಮ್ಮ ಕೆರೆಯಲ್ಲ" ಎಂದು ಹಾರಿಹೋಯಿತು.

ಫೋಟೋ ಅಳುತ್ತ, "ಅಣ್ಣಾ, ಆ ಮರವನ್ನು ಮತ್ತೆ ಸೇರಿಸು" ಎಂದು ಬೇಡಿತು.

ಅಂದು ದಣಿವೆಂದು ಸುಮ್ಮನಾದದ್ದು ಕತ್ತರಿಯನ್ನೂ ಚುಚ್ಚಿತು. "ತಂಗೀ, ನಾನು ಕತ್ತರಿ. ಸೂಜಿಯಲ್ಲ" ಎಂದಿತು.